‘ಚೊತ್ತೋ...’ ಅಂದರೆ ಇಲ್ಲ: ಜಪಾನಿನಲ್ಲಿ ನನ್ನ ಹನ್ನೆರಡು ದಿನ

ಕ್ಯೋಟೋದ ಒಂದು ಪುಟ್ಟ ನೂಡಲ್ಸ್ ಅಂಗಡಿ. ಮಧ್ಯಾಹ್ನ ಎರಡು ಗಂಟೆ, ಹೊಟ್ಟೆ ಚುರುಗುಟ್ಟುತ್ತಿತ್ತು. ‘ಮಾಂಸ ಬೇಡ, ಮೀನೂ ಬೇಡ, ಉದೋನ್ ನೂಡಲ್ಸ್ ಸಿಗುತ್ತಾ?’ ಎಂಬ ಮಾತನ್ನು ಜಪಾನಿಗೆ ಅನುವಾದ ಮಾಡಿ ಫೋನಿನಲ್ಲಿ ತೋರಿಸಿದೆ. ಅಂಗಡಿಯಾಕೆ ತಲೆ ಓರೆ ಮಾಡಿದರು. ಹಲ್ಲುಗಳ ನಡುವೆ ಉಸಿರು ಎಳೆದುಕೊಂಡರು. ‘ಚೊತ್ತೋ...’ ಎಂದು ರಾಗ ಎಳೆದು ಸುಮ್ಮನಾದರು. ಚೊತ್ತೋ ಅಂದರೆ ‘ಸ್ವಲ್ಪ’ ಎಂದು ಹೊರಡುವ ಮೊದಲೇ ಕಲಿತಿದ್ದೆ. ಸ್ವಲ್ಪ ಹೊತ್ತು ಕಾಯಿರಿ ಅಂತಿರಬೇಕು ಎಂದುಕೊಂಡು ಆರಾಮಾಗಿ ಕೂತೆ. ಹತ್ತು ನಿಮಿಷವಾಯಿತು. ಆಕೆ ನನ್ನ ಕಡೆ ನೋಡಿ ನಗುತ್ತಾರೆ, ನಾನೂ ನಗುತ್ತೇನೆ. ಊಟ ಮಾತ್ರ ಬರಲಿಲ್ಲ. ಕೊನೆಗೆ ಪಕ್ಕದ ಮೇಜಿನ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಹೇಳಿದ: ‘ಅವರು ಆಗಲ್ಲ ಅಂದರು.’

ಅಲ್ಲಿ ಎದುರಿಗಿರುವವರಿಗೆ ನೇರವಾಗಿ ಇಲ್ಲ ಅನ್ನುವುದು ಕಡಿಮೆ. ನಾವು ತಪ್ಪು ಮಾಡಿದರೂ ಬಾಯಿಬಿಟ್ಟು ಹೇಳುವವರು ಕಡಿಮೆ. ಹೊರಡುವ ಮೊದಲು ನಾನು ನಿಯಮಗಳ ಪಟ್ಟಿಯನ್ನೇ ಬಾಯಿಪಾಠ ಮಾಡಿದ್ದೆ. ಆದರೆ ಹೆಚ್ಚು ಕೆಲಸಕ್ಕೆ ಬಂದದ್ದು ಸುತ್ತ ಇರುವವರನ್ನು ನೋಡುವ ಅಭ್ಯಾಸ.

ಊಟದ ವಿಷಯ ಮೊದಲು ಹೇಳಿಬಿಡುತ್ತೇನೆ, ನಾನು ಜಾಸ್ತಿ ಒದ್ದಾಡಿದ್ದು ಅಲ್ಲೇ. ತಟ್ಟೆಯಲ್ಲಿ ಮೀನು ಕಾಣದಿದ್ದರೆ ಮೀನಿಲ್ಲ ಎಂದು ಅರ್ಥವಲ್ಲ. ಅಲ್ಲಿನ ಅಡುಗೆಗೆ ‘ದಾಶಿ’ ಎಂಬ ತಿಳಿಸಾರೇ ಬುನಾದಿ. ಒಣಗಿಸಿ, ಹೊಗೆಯಾಡಿಸಿದ ಬೊನಿಟೋ ಮೀನಿನ ಚಕ್ಕೆಯಿಂದ ಅದನ್ನು ತೆಗೆಯುವುದೇ ಹೆಚ್ಚು. ಮಿಸೋ ಸೂಪಿನಲ್ಲಿ, ನೂಡಲ್ಸಿನ ರಸದಲ್ಲಿ, ಬೇಯಿಸಿದ ತರಕಾರಿಯಲ್ಲೂ ಅದು ಇರುತ್ತದೆ. ‘ಮೀನಿಲ್ಲ’ ಎಂದು ನಂಬಿ ಮೊದಲ ಎರಡು ದಿನ ನಾನು ಕುಡಿದ ಸೂಪಿನ ಲೆಕ್ಕ ಈಗ ಬೇಡ ಬಿಡಿ. ಆಮೇಲೆ ಕೇಳುವ ರೀತಿಯನ್ನೇ ಬದಲಿಸಿದೆ. ‘ದಾಶಿ ಇಲ್ಲದೆ ಮಾಡಿಕೊಡುತ್ತೀರಾ?’ ಎಂದು ಕೇಳಿದರೆ ಅವರಿಗೆ ಪೇಚಾಟ. ಮೆನು ಅವರ ಮುಂದೆ ಇಟ್ಟು ‘ಇದರಲ್ಲಿ ದಾಶಿ ಇಲ್ಲದ್ದು ಯಾವುದು?’ ಎಂದರೆ ಬೆರಳಿಟ್ಟು ತೋರಿಸುತ್ತಾರೆ. ಒಬ್ಬರು ಅಡುಗೆಮನೆಯಿಂದಲೇ ಎದ್ದು ಬಂದು, ಕನ್ನಡಕ ಹಾಕಿಕೊಂಡು ಇಡೀ ಮೆನು ಓದಿ, ಎರಡೇ ಎರಡನ್ನು ತೋರಿಸಿದರು: ತಣ್ಣನೆಯ ತೋಫು ಮತ್ತು ಉಪ್ಪು ಸವರಿದ ಅನ್ನದ ಉಂಡೆ. ಅದನ್ನೇ ಹೊಟ್ಟೆತುಂಬ ತಿಂದೆ.

ನೆಮ್ಮದಿಯಾಗಿ ಉಂಡದ್ದು ಕೋಯಾಸಾನ್‌ನಲ್ಲಿ. ಒಸಾಕಾದ ನಂಬಾ ನಿಲ್ದಾಣದಿಂದ ರೈಲು, ಕೊನೆಗೆ ಕಡಿದಾದ ಗುಡ್ಡ ಹತ್ತುವ ಕೇಬಲ್ ಕಾರು. 9ನೇ ಶತಮಾನದಲ್ಲಿ ಕೂಕೈ ಎಂಬ ಬೌದ್ಧ ಗುರು ಕಟ್ಟಿದ ಕ್ಷೇತ್ರ ಅದು. ಅಲ್ಲಿನ ಹಲವು ದೇವಾಲಯಗಳಲ್ಲಿ ಪ್ರವಾಸಿಗರೂ ತಂಗಬಹುದು. ಊಟ ‘ಶೋಜಿನ್ ರ್‍ಯೋರಿ’, ಅಂದರೆ ಸನ್ಯಾಸಿಗಳ ಸಸ್ಯಾಹಾರ. ದಾಶಿ ತೆಗೆಯುವುದೂ ಕೊಂಬು ಎಂಬ ಕಡಲಸಸ್ಯ ಮತ್ತು ಒಣ ಅಣಬೆಯಿಂದ. ಎಳ್ಳಿನ ತೋಫು ಬಾಯಿಗಿಟ್ಟ ಕೂಡಲೇ ಕರಗಿತು. ಊಟ ಸಂಜೆಯೇ ಬಂದುಬಿಡುತ್ತದೆ, ಬೆಳಿಗ್ಗೆ ಬೇಗ ಪ್ರಾರ್ಥನೆ. ತಡವಾಗಿ ತಲುಪುವ ಯೋಚನೆ ಮಾಡಬೇಡಿ.

ಅಲ್ಲೇ ನನ್ನ ಮಾನ ಹೋದದ್ದೂ. ಬಾಗಿಲಲ್ಲಿ ಶೂ ಬಿಟ್ಟು ಚಪ್ಪಲಿ ಹಾಕಿಕೊಳ್ಳಬೇಕು. ಚಾಪೆ ಹಾಸಿದ ಕೋಣೆಗೆ ಆ ಚಪ್ಪಲಿಯೂ ಬೇಡ, ಬರಿ ಕಾಲುಚೀಲ. ಶೌಚಾಲಯಕ್ಕೆ ಬೇರೆ ಚಪ್ಪಲಿ, ಅದು ಅಲ್ಲೇ ಇರುತ್ತದೆ. ಇಷ್ಟೂ ನನಗೆ ಗೊತ್ತಿತ್ತು. ಆದರೂ ನಿದ್ದೆಗಣ್ಣಲ್ಲಿ ಶೌಚಾಲಯದ ಚಪ್ಪಲಿಯಲ್ಲೇ ಊಟದ ಕೋಣೆಯವರೆಗೆ ನಡೆದುಬಂದೆ. ಯಾರೂ ಏನೂ ಅನ್ನಲಿಲ್ಲ. ಒಬ್ಬ ಎಳೆಯ ಸನ್ಯಾಸಿ ಬಂದು, ಬಗ್ಗಿ, ನನ್ನ ಕಾಲ ಬಳಿ ಸರಿಯಾದ ಜೋಡಿ ಇಟ್ಟು, ಹಳೆಯದನ್ನು ಎತ್ತಿಕೊಂಡು ಹೋದರು. ಗದರಿದ್ದರೇ ವಾಸಿಯಿತ್ತು. ಇನ್ನೊಂದು ಮಾತು: ತೂತಿಲ್ಲದ ಕಾಲುಚೀಲ ಜಾಸ್ತಿ ತೆಗೆದುಕೊಂಡು ಹೋಗಿ.

ದುಡ್ಡಿನ ವಿಷಯಕ್ಕೆ ಬಂದರೆ, ಕಾರ್ಡ್ ಹಲವು ಕಡೆ ನಡೆಯುತ್ತದೆ, ಆದರೆ ಸಣ್ಣ ಅಂಗಡಿ, ದೇವಾಲಯಗಳಲ್ಲಿ ನಗದೇ ಕೇಳಬಹುದು. ಕೌಂಟರಿನಲ್ಲಿ ಒಂದು ಪುಟ್ಟ ತಟ್ಟೆ ಇರುತ್ತದೆ, ಹಣವನ್ನು ಕೈಗೆ ಕೊಡದೆ ಅದರಲ್ಲಿ ಇಡಬೇಕು. ನಾನು ಕೈ ಚಾಚಿದಾಗಲೆಲ್ಲ ತಟ್ಟೆ ಮೆಲ್ಲಗೆ ನನ್ನತ್ತ ಸರಿಯುತ್ತಿತ್ತು. 500 ಯೆನ್ ಕೂಡ ನಾಣ್ಯವೇ, ಹಾಗಾಗಿ ಚಿಲ್ಲರೆ ಚೀಲ ಬೇಕೇ ಬೇಕು. ಟಿಪ್ಸ್ ಕೊಡಲೇಬೇಡಿ. ನಾನು ಮೇಜಿನ ಮೇಲೆ ಬಿಟ್ಟು ಬಂದ ನಾಣ್ಯ ಹಿಡಿದುಕೊಂಡು ಹುಡುಗಿಯೊಬ್ಬಳು ರಸ್ತೆಯವರೆಗೆ ಓಡಿಬಂದಿದ್ದಳು. ಲೋಕಲ್ ರೈಲಿಗೆ ಸುಯಿಕಾದಂಥ, ಮೊದಲೇ ದುಡ್ಡು ತುಂಬಿಸಿ ಗೇಟಿಗೆ ತಾಗಿಸುವ ಕಾರ್ಡ್ ಸಾಕು. ಟೋಕಿಯೋದಲ್ಲಿ ಕೊಂಡದ್ದು ಒಸಾಕಾದಲ್ಲೂ ನಡೆಯಿತು. ಪ್ರವಾಸಿಗರು ಜೆಆರ್ ಕಂಪನಿಗಳ ರೈಲುಗಳಲ್ಲಿ ಬೇಕಾದಷ್ಟು ಓಡಾಡಲು ಕೊಳ್ಳುವ ಏಳು ದಿನದ ಜೆಆರ್ ಪಾಸ್ ಬೆಲೆ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಹಳೆಯ ಸಲಹೆ ನಂಬದೆ ನಿಮ್ಮ ಟಿಕೆಟ್ಟುಗಳನ್ನು ಕೂಡಿ ನೋಡಿ. ನನಗೆ ಬಿಡಿ ಟಿಕೆಟ್ಟೇ ಅಗ್ಗವಾಯಿತು.

ಸೂಟ್‌ಕೇಸ್ ಹೊತ್ತು ರೈಲು ಹತ್ತಬೇಕಾಗಿಯೇ ಇಲ್ಲ. ಟೋಕಿಯೋ ಹೋಟೆಲಿನಲ್ಲಿ ಕೊಟ್ಟರೆ ಮರುದಿನ ಕ್ಯೋಟೋ ಹೋಟೆಲಿಗೆ ತಲುಪಿಸುವ ‘ತಕ್ಯೂಬಿನ್’ ಸೇವೆ ಇದೆ. ಬೆನ್ನಿಗೊಂದು ಚೀಲ ಹಾಕಿಕೊಂಡು ಷಿಂಕಾನ್ಸೆನ್ ಬುಲೆಟ್ ರೈಲು ಹತ್ತಿದ ಆ ಬೆಳಿಗ್ಗೆ ಎಷ್ಟು ಹಗುರ ಅನಿಸಿತು! ರೈಲಿನಲ್ಲಿ ಫೋನ್ ಮಾತು ಬೇಡ. ಎಸ್ಕಲೇಟರಿನಲ್ಲಿ ಟೋಕಿಯೋದವರು ಎಡಕ್ಕೆ ನಿಲ್ಲುತ್ತಾರೆ, ಒಸಾಕಾದವರು ಬಲಕ್ಕೆ. ಮುಂದಿನವರ ಹಿಂದೆ ನಿಂತುಬಿಟ್ಟರೆ ಆಯಿತು. ಬೀದಿಯಲ್ಲಿ ಕಸದ ಬುಟ್ಟಿ ಸಿಗುವುದೇ ಅಪರೂಪ. 1995ರಲ್ಲಿ ಟೋಕಿಯೋ ಸುರಂಗ ರೈಲಿನಲ್ಲಿ ಸಾರಿನ್ ವಿಷಾನಿಲದ ದಾಳಿಯಾದ ಮೇಲೆ ಎಷ್ಟೋ ಕಡೆ ತೆಗೆದರಂತೆ. ಜೇಬಿನಲ್ಲೊಂದು ಪ್ಲಾಸ್ಟಿಕ್ ಚೀಲ ಇರಲಿ.

ಎರಡು ವಿಷಯದಲ್ಲಿ ಮಾತ್ರ ನೋಡಿ ಕಲಿಯುತ್ತೇನೆ ಅಂದರೆ ಆಗದು, ಅವು ಕಾನೂನು. ಪ್ರವಾಸಿಗರು ಪಾಸ್‌ಪೋರ್ಟ್ ಸದಾ ಜೊತೆಯಲ್ಲೇ ಇಟ್ಟುಕೊಳ್ಳಬೇಕು, ಹೋಟೆಲಿನ ಲಾಕರಿನಲ್ಲಿ ಅಲ್ಲ. ಇನ್ನು ಔಷಧಿ. ನೆಗಡಿಯ ಕೆಲವು ಮಾತ್ರೆಗಳಲ್ಲಿರುವ ಸೂಡೋಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿದ್ದರೆ ದೇಶದೊಳಗೆ ತರುವಂತಿಲ್ಲ. ಪ್ರತಿ ಮಾತ್ರೆಯ ಹೆಸರು ನೋಡಿಯೇ ಪ್ಯಾಕ್ ಮಾಡಿ.

ಹೊರಡುವ ಹಿಂದಿನ ದಿನ ಲೋಕಲ್ ರೈಲಿನಲ್ಲಿ ಕೊಡೆ ಮರೆತೆ. ಪಾರದರ್ಶಕ ಪ್ಲಾಸ್ಟಿಕ್ಕಿನದು, ಅಲ್ಲಿ ಎಲ್ಲರ ಕೈಯಲ್ಲೂ ಇರುವಂಥದ್ದು. ಹೋದರೆ ಹೋಗಲಿ ಅಂದೆ. ಹೋಟೆಲಿನವರು ಬಿಡಲಿಲ್ಲ, ನಿಲ್ದಾಣಕ್ಕೆ ಫೋನ್ ಮಾಡಿ ನನ್ನನ್ನು ಕಳಿಸಿದರು. ಅಲ್ಲಿ ಕಳೆದುಹೋದ ವಸ್ತುಗಳ ಕೋಣೆ. ಚೀಟಿ ಕಟ್ಟಿದ ಹನ್ನೊಂದು ಪಾರದರ್ಶಕ ಕೊಡೆ, ಎಲ್ಲವೂ ಒಂದೇ ಥರ. ಸಿಬ್ಬಂದಿ ಮೊದಲನೆಯದನ್ನು ಎತ್ತಿ, ಇದಾ ಎಂಬಂತೆ ನೋಡಿದರು. ಹೌದು ಅನ್ನಲಾರೆ. ಅಷ್ಟು ಕಷ್ಟಪಟ್ಟವರಿಗೆ ಇಲ್ಲ ಅನ್ನುವುದಕ್ಕೂ ಮನಸ್ಸು ಬರಲಿಲ್ಲ. ತಲೆ ಓರೆ ಮಾಡಿದೆ, ಹಲ್ಲುಗಳ ನಡುವೆ ಉಸಿರು ಎಳೆದುಕೊಂಡೆ. ‘ಚೊತ್ತೋ...’

ಅವರು ತಲೆಯಾಡಿಸಿ ಎರಡನೆಯದನ್ನು ಎತ್ತಿದರು.