ಎರಡೂ ಕಡೆ ಸೀಟು ಸಿಕ್ಕಿದೆ, ಹೋಗುವುದು ಎಲ್ಲಿಗೆ?

ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿದ ಮೇಲೆ ಹೆಚ್ಚಿನವರು ಮಾಡುವುದು ಒಂದೇ: ಎರಡರ ವೆಬ್‌ಸೈಟ್ ತೆರೆದು ಫೋಟೊ ನೋಡುತ್ತಾರೆ. ಹುಲ್ಲುಹಾಸಿನ ಮೇಲೆ ಕೂತು ನಗುವ ನಾಲ್ವರು ವಿದ್ಯಾರ್ಥಿಗಳು ಎರಡರಲ್ಲೂ ಇರುತ್ತಾರೆ. ಆಮೇಲೆ ರ‍್ಯಾಂಕಿಂಗ್ ನೋಡಿ, ಮೇಲಿರುವುದಕ್ಕೆ ಶುಲ್ಕ ಕಟ್ಟಿಬಿಡುತ್ತಾರೆ. ಪಾಠ ಹೇಗೆ ನಡೆಯುತ್ತದೆ, ಸಂಜೆ ಐದರ ಮೇಲೆ ಅಲ್ಲಿ ಏನಿರುತ್ತದೆ ಎಂದು ಯಾರೂ ಕೇಳಿರುವುದಿಲ್ಲ.

ಸುಲಭದ್ದನ್ನು ಮೊದಲು ಮುಗಿಸಿ. ಪದವಿಗೆ ಮಾನ್ಯತೆ ಇದೆಯೇ, ಕೋರ್ಸ್ ಮುಗಿಯುವವರೆಗಿನ ಒಟ್ಟು ಖರ್ಚೆಷ್ಟು (ಮೊದಲ ವರ್ಷದ್ದಷ್ಟೇ ಅಲ್ಲ), ವಿದ್ಯಾರ್ಥಿವೇತನ ಪ್ರತಿ ವರ್ಷ ಮುಂದುವರಿಯಲು ಎಷ್ಟು ಅಂಕ ಬೇಕು, ಬರೆದುಕೊಳ್ಳಿ. ಮಾನ್ಯತೆ ಇಲ್ಲವೆಂದರೆ ಹೋಲಿಕೆ ಅಲ್ಲಿಗೇ ಮುಗಿಯಿತು.

ರ‍್ಯಾಂಕಿಂಗನ್ನು ಪಕ್ಕಕ್ಕಿಡಿ. ವಿಶ್ವವಿದ್ಯಾಲಯಗಳಿಗೆ ಸ್ಥಾನ ಕೊಡುವ ಕ್ಯೂಎಸ್ ಸಂಸ್ಥೆಯ ಜಾಗತಿಕ ಪಟ್ಟಿಯನ್ನೇ ನೋಡಿ. 2024ರ ಆವೃತ್ತಿಯಿಂದ ಅದರಲ್ಲಿ ನೂರಕ್ಕೆ 30 ಅಂಕ ಶೈಕ್ಷಣಿಕ ವಲಯದವರ ಅಭಿಪ್ರಾಯಕ್ಕೆ, 15 ಅಂಕ ಉದ್ಯೋಗದಾತರ ಅಭಿಪ್ರಾಯಕ್ಕೆ, 20 ಅಂಕ ಸಂಶೋಧನಾ ಉಲ್ಲೇಖಗಳಿಗೆ. ಅಧ್ಯಾಪಕ–ವಿದ್ಯಾರ್ಥಿ ಅನುಪಾತಕ್ಕೆ ಮೊದಲು 20 ಅಂಕ ಇತ್ತು, ಅದನ್ನು 10ಕ್ಕೆ ಇಳಿಸಿದ್ದಾರೆ. ಪದವಿ ತರಗತಿಯ ಪಾಠದ ಗುಣಮಟ್ಟವನ್ನು ಇದರಲ್ಲಿ ಯಾವ ಅಂಕವೂ ನೇರವಾಗಿ ಅಳೆಯುವುದಿಲ್ಲ. ಎರಡರ ನಡುವೆ ಹತ್ತಿಪ್ಪತ್ತು ಸ್ಥಾನಗಳ ಅಂತರವಿದ್ದರೆ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಈಗ ಪಠ್ಯಕ್ರಮ. ಎರಡರ ಪಠ್ಯಕ್ರಮವನ್ನೂ ಮುದ್ರಿಸಿ, ಸೆಮಿಸ್ಟರ್‌ವಾರು ಅಕ್ಕಪಕ್ಕ ಇಟ್ಟುಕೊಳ್ಳಿ. ಎರಡರಲ್ಲೂ ಇರುವ ವಿಷಯಗಳನ್ನು ಹೊಡೆದುಹಾಕಿ. ಉಳಿದದ್ದೇ ನಿಜವಾದ ವ್ಯತ್ಯಾಸ, ಹೆಚ್ಚೆಂದರೆ ಏಳೆಂಟು ಸಾಲು. ಐಚ್ಛಿಕ ವಿಷಯಗಳ ಉದ್ದ ಪಟ್ಟಿಗೆ ಮಾತ್ರ ಮರುಳಾಗಬೇಡಿ: ಪಟ್ಟಿಯಲ್ಲಿ ನಲವತ್ತು ಇರುತ್ತವೆ, ನಿಜಕ್ಕೂ ನಡೆಯುವುದು ಹತ್ತೋ ಹನ್ನೆರಡೋ. ಹಿಂದಿನ ಎರಡು ವರ್ಷಗಳ ವೇಳಾಪಟ್ಟಿ ತರಿಸಿಕೊಂಡು ಯಾವುದು ನಡೆದಿದೆ ಎಂದು ಗುರುತು ಹಾಕಿ. ಕೇಳಿದರೂ ವೇಳಾಪಟ್ಟಿ ಕೊಡದ ವಿಭಾಗದ ಬಗ್ಗೆ ಅನುಮಾನವಿಟ್ಟುಕೊಳ್ಳಿ.

ಎಲ್ಲರೂ ಎಡವುವುದು ಅಂಕಿಅಂಶಗಳಲ್ಲಿ. 'ನಮ್ಮಲ್ಲಿ ಸರಾಸರಿ ತರಗತಿಗೆ 20 ವಿದ್ಯಾರ್ಥಿಗಳು' ಎಂದು ಮಾಹಿತಿ ಪುಸ್ತಿಕೆ ಹೇಳುತ್ತದೆ ಅಂದುಕೊಳ್ಳಿ. ಹತ್ತು ತರಗತಿಗಳಲ್ಲಿ ಒಂಬತ್ತರಲ್ಲಿ ತಲಾ 10 ಜನ, ಹತ್ತನೆಯದರಲ್ಲಿ 110 ಜನ ಇದ್ದರೂ ಸರಾಸರಿ 20 ಎಂದೇ ಬರುತ್ತದೆ. ಆದರೆ 200 ಜನರಲ್ಲಿ 110 ಮಂದಿ ಕೂತಿರುವುದು ಆ ದೊಡ್ಡ ಸಭಾಂಗಣದಲ್ಲಿ. ಒಬ್ಬೊಬ್ಬ ವಿದ್ಯಾರ್ಥಿಯನ್ನೂ 'ನಿನ್ನ ತರಗತಿಯಲ್ಲಿ ಎಷ್ಟು ಜನ' ಎಂದು ಕೇಳಿ ಸರಾಸರಿ ತೆಗೆದರೆ 65 ಬರುತ್ತದೆ. ಹಾಗಾಗಿ ಸರಾಸರಿ ಬೇಡ. ಮೊದಲ ವರ್ಷದ ಕಡ್ಡಾಯ ವಿಷಯಗಳಲ್ಲಿ ಒಂದೊಂದರಲ್ಲೂ ಎಷ್ಟು ಜನ ಎಂದೇ ಕೇಳಿ.

ಉದ್ಯೋಗದ ಅಂಕಿಗಳೂ ಅಷ್ಟೇ. 'ಶೇ 92 ಮಂದಿಗೆ ಕೆಲಸ' ಎಂದಾಗ ಯಾರಲ್ಲಿ ಶೇ 92 ಎಂದು ಕೇಳಬೇಕು. ನೂರರಲ್ಲಿ 50 ಜನ ಮಾತ್ರ ಕ್ಯಾಂಪಸ್ ನೇಮಕಾತಿಗೆ ಹೆಸರು ನೋಂದಾಯಿಸಿ, ಅವರಲ್ಲಿ 46 ಜನರಿಗೆ ಕೆಲಸ ಸಿಕ್ಕರೂ ಅದು ಶೇ 92 ಆಗುತ್ತದೆ. ಸಂಬಳದಲ್ಲೂ ಸರಾಸರಿ ಬಿಟ್ಟು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವರಿಗೆ ಎಷ್ಟು ಎಂಬುದನ್ನು ಕೇಳಿ. ಒಬ್ಬರ ಭಾರಿ ಪ್ಯಾಕೇಜ್ ಇಡೀ ತಂಡದ ಸರಾಸರಿಯನ್ನು ಮೇಲಕ್ಕೆ ಎತ್ತಿಬಿಡುತ್ತದೆ.

ಹಾಗೆಯೇ, ದುಡ್ಡು ತೆಗೆದುಕೊಂಡು 'ಮಾರ್ಗದರ್ಶನ' ಮಾಡುವ ಏಜೆಂಟರಿಗೆ ಕಮಿಷನ್ ಯಾರು ಕೊಡುತ್ತಾರೆ ಎಂದು ಮೊದಲು ಕೇಳಿ. ಒಂದೇ ವಾರದಲ್ಲಿ ಬಂದು ಬಿದ್ದ ಐದು ನಕ್ಷತ್ರಗಳ ವಿಮರ್ಶೆಗಳನ್ನು ಓದುವುದೇ ದಂಡ.

ಇನ್ನು ಕ್ಯಾಂಪಸ್ ಬದುಕು. ಇದನ್ನು ಕಾಗದದ ಮೇಲೆ ಅಳೆಯಲಾಗದು, ಹೋಗಿಯೇ ನೋಡಬೇಕು. ಅದೂ ಹೊಸಬರಿಗೆ ಕ್ಯಾಂಪಸ್ ತೋರಿಸಲೆಂದೇ ಇಡುವ 'ಮುಕ್ತ ದಿನ'ದಂದು ಬೇಡ, ಆವತ್ತು ನಡೆಯುವುದು ಮದುವೆಮನೆಯ ಸಂಭ್ರಮ. ಸೆಮಿಸ್ಟರ್ ಮಧ್ಯದ ಒಂದು ಮಂಗಳವಾರವೋ ಬುಧವಾರವೋ ಹೋಗಿ, ಸಂಜೆ ಐದರಿಂದ ಎಂಟರವರೆಗೆ ಅಲ್ಲೇ ಇರಿ. ಸಾಧ್ಯವಾದರೆ ಶನಿವಾರ ಸಂಜೆ ಮತ್ತೊಮ್ಮೆ. ಪಾಠ ಮುಗಿದ ಅರ್ಧ ಗಂಟೆಗೆ ಎಲ್ಲರೂ ಬಸ್ ಹತ್ತಿದರೆ, ಶನಿವಾರ ಹಾಸ್ಟೆಲಿನಲ್ಲಿ ದೀಪಗಳೇ ಇಲ್ಲದಿದ್ದರೆ, ಅದು ಬಂದು ಹೋಗುವವರ ಕ್ಯಾಂಪಸ್. ಮನೆಯಿಂದ ಓಡಾಡುವವರಿಗೆ ಇದೇನೂ ತೊಂದರೆಯಲ್ಲ. ದೂರದಿಂದ ಬಂದು ಉಳಿಯುವವರಿಗೆ ಪ್ರತಿ ವಾರಾಂತ್ಯವೂ ಭಾರ.

ಸೂಚನಾಫಲಕದ ಮುಂದೆ ಐದು ನಿಮಿಷ ನಿಂತು ಕಾಗದಗಳ ಮೇಲಿನ ದಿನಾಂಕ ಓದಿ. ವೆಬ್‌ಸೈಟಿನಲ್ಲಿ 120 ಸಂಘಗಳಿರಬಹುದು. ಫಲಕದಲ್ಲಿ ಕಳೆದ ವರ್ಷದ ನಾಟಕದ ಪೋಸ್ಟರ್ ಇನ್ನೂ ನೇತಾಡುತ್ತಿದ್ದರೆ ಆ ಸಂಘ ಬದುಕಿಲ್ಲ. ನಿಮಗೆ ಬೇಕಾದ ಎರಡು ಸಂಘಗಳನ್ನಷ್ಟೇ ವಿಚಾರಿಸಿ: ಕಳೆದ ತಿಂಗಳು ಎಷ್ಟು ಸಲ ಸೇರಿದ್ದರು? ಹೊಸಬರನ್ನು ಹಾಗೇ ಸೇರಿಸಿಕೊಳ್ಳುತ್ತಾರೋ, ಆಯ್ಕೆ ಪರೀಕ್ಷೆ ಇದೆಯೋ?

ಹಾಸ್ಟೆಲಿನ ನಕ್ಷೆ ನೋಡುವವರು ಕಡಿಮೆ, ಆದರೆ ಗೆಳೆತನ ಹುಟ್ಟುವುದು ಅಲ್ಲೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಸತಿಗಳನ್ನು ಅಧ್ಯಯನ ಮಾಡಿ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು 1950ರಲ್ಲಿ ತೋರಿಸಿದ್ದು ಇದನ್ನೇ: ಯಾರು ಯಾರಿಗೆ ಗೆಳೆಯರಾಗುತ್ತಾರೆ ಎಂಬುದರಲ್ಲಿ ಬಾಗಿಲಿನಿಂದ ಬಾಗಿಲಿಗೆ ಇರುವ ದೂರದ ಪಾತ್ರ ದೊಡ್ಡದು. ಆದ್ದರಿಂದ ಹೊಳೆಯುವ ಒಂಟಿ ಕೋಣೆಗಿಂತ, ಒಂದೇ ಕಾರಿಡಾರಿಗೆ ತೆರೆದುಕೊಳ್ಳುವ ಬಾಗಿಲುಗಳೂ ಎಲ್ಲರೂ ಬಳಸುವ ಅಡುಗೆಮನೆಯೂ ಇರುವ ಹಳೇ ಕಟ್ಟಡವೇ ಮೇಲು. ಮೊದಲ ವರ್ಷದ ನಂತರವೂ ಹಾಸ್ಟೆಲ್ ಸಿಗುತ್ತದೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಸುತ್ತಾಡಿಸಲು ಬರುವ ವಿದ್ಯಾರ್ಥಿಯನ್ನು ಏನೂ ಕೇಳಬೇಡಿ, ಅವರು ಹೊಗಳಲೆಂದೇ ಬಂದವರು. ಎರಡನೇ ಅಥವಾ ಮೂರನೇ ವರ್ಷದ, ನಿಮ್ಮದೇ ವಿಭಾಗದ ಮೂವರನ್ನು ಹಿಡಿಯಿರಿ. 'ಹೇಗಿದೆ?' ಎಂದರೆ 'ಚೆನ್ನಾಗಿದೆ' ಎಂಬ ಉತ್ತರವೇ ಬರುವುದು. 'ಕಳೆದ ಗುರುವಾರ ಸಂಜೆ ಏನು ಮಾಡಿದಿರಿ?', 'ಅಧ್ಯಾಪಕರನ್ನು ತರಗತಿಯ ಹೊರಗೆ ಕೊನೆಯ ಸಲ ಭೇಟಿಯಾದದ್ದು ಯಾವಾಗ?', 'ನಿಮ್ಮ ಜೊತೆ ಸೇರಿ ಅರ್ಧಕ್ಕೆ ಬಿಟ್ಟವರು ಯಾಕೆ ಬಿಟ್ಟರು?' ಎಂದು ಕೇಳಿ. ಕೊನೆಯ ಪ್ರಶ್ನೆಗೆ ಮೂವರೂ ಒಂದೇ ಕಾರಣ ಕೊಟ್ಟರೆ ಅದು ನಿಜ.

ಎರಡಕ್ಕೂ ಅಂಕ ಹಾಕಿ ಹೋಲಿಸುವವರು ಓದಿಗೆ ಎಷ್ಟು, ಬದುಕಿಗೆ ಎಷ್ಟು ಎಂದು ಕ್ಯಾಂಪಸ್‌ಗೆ ಹೋಗುವ ಮೊದಲೇ ಬರೆದಿಡಿ. ಆಮೇಲೆ ಬರೆದರೆ ಮನಸ್ಸು ಮೆಚ್ಚಿದ್ದೇ ಗೆಲ್ಲುವಂತೆ ಲೆಕ್ಕ ಬಾಗುತ್ತದೆ. ನೂರಕ್ಕೆ ಐದರೊಳಗಿನ ವ್ಯತ್ಯಾಸವನ್ನು ಸಮ ಎಂದೇ ತಿಳಿಯಿರಿ. ಸಮವಾದರೆ ಕ್ಯಾಂಪಸ್ ಬದುಕು ಚೆನ್ನಾಗಿರುವ ಕಡೆ ಹೋಗಿ. ಆದರೆ ನಿಮಗೆ ಬೇಕೇಬೇಕಾದ ಎರಡು ಮುಖ್ಯ ವಿಷಯಗಳು ಒಂದು ಕಡೆ ನಡೆಯುವುದೇ ಇಲ್ಲವೆಂದರೆ ಪಠ್ಯಕ್ರಮವೇ ತೀರ್ಮಾನಿಸಲಿ: ಇಲ್ಲದ ಸಂಘವನ್ನು ನಾಲ್ಕು ಜನ ಸೇರಿ ಕಟ್ಟಬಹುದು, ಇಲ್ಲದ ವಿಷಯಕ್ಕೆ ಅಧ್ಯಾಪಕರನ್ನು ತರಲಾಗದು. ಗೆಳೆಯ ಸೇರಿದ ಎಂದು ಸೇರಬೇಡಿ.

ಶುಲ್ಕ ಕಟ್ಟುವ ಮುನ್ನ ಮರುಪಾವತಿಯ ಕೊನೆಯ ದಿನ ನೋಡಿ. ಹಾಸ್ಟೆಲ್ ಅರ್ಜಿಯ ಗಡುವು ಪ್ರವೇಶದ ಗಡುವಿಗಿಂತ ಮುಂಚೆಯೇ ಮುಗಿಯುವುದುಂಟು, ಆ ಅರ್ಜಿಯನ್ನು ಶುಲ್ಕ ಕಟ್ಟಿದ ದಿನವೇ ಹಾಕಿಬಿಡಿ. ಬೇಡವೆಂದ ಕಡೆಗೂ ಒಂದು ಸಾಲಿನ ಇಮೇಲ್ ಕಳಿಸಿ; ಕಾಯುವ ಪಟ್ಟಿಯಲ್ಲಿ ಯಾರೋ ಆ ಸೀಟಿಗಾಗಿ ಕೂತಿರುತ್ತಾರೆ.