ಆರ್ಕಿಟೆಕ್ಟ್ ಆಗಲು ನಾನು ಪಿಯುಸಿಯಲ್ಲಿ ಆರಿಸಿಕೊಂಡ ವಿಷಯಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ, ಮೈಸೂರಿನಲ್ಲಿ ಆರ್ಕಿಟೆಕ್ಟ್ ಆಗಿರುವ ನನಗೆ ಫೋನ್ ಜಾಸ್ತಿ. "ಮಗಳು ಚೆನ್ನಾಗಿ ಚಿತ್ರ ಬರೀತಾಳೆ ಮೇಡಂ, ಆರ್ಟ್ಸ್‌ಗೆ ಸೇರಿಸಿ ಆಮೇಲೆ ಆರ್ಕಿಟೆಕ್ಚರ್ ಓದಿಸಬಹುದಾ?" ಎಂದು ಕೇಳುತ್ತಾರೆ. ಆಗುವುದಿಲ್ಲ. ಪಿಯುಸಿ ಮುಗಿಸಿ ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಸೇರಬೇಕಾದರೆ ಭೌತಶಾಸ್ತ್ರ, ಗಣಿತ ಎರಡೂ ಓದಿರಲೇಬೇಕು. ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾಥ್ಸ್ ತೆಗೆದುಕೊಂಡರೂ ಅಲ್ಲಿ ಭೌತಶಾಸ್ತ್ರವೇ ಇರುವುದಿಲ್ಲ. ಈ ಮಾತು ಮಕ್ಕಳಿಗೆ ಒಂಬತ್ತನೇ ತರಗತಿಯಲ್ಲೇ ಗೊತ್ತಾಗಬೇಕು ಎನ್ನುವುದು ನನ್ನ ಆಸೆ.

ನಾನು ಓದಿದ್ದು ಮಂಡ್ಯದಲ್ಲಿ. ಮನೆಯಲ್ಲಿ ಎಲ್ಲರಿಗೂ ನಾನು ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಬಯಾಲಜಿ) ತೆಗೆದುಕೊಳ್ಳಲಿ, ಡಾಕ್ಟರ್ ಆಗಲಿ ಅಂತ. ನನ್ನ ಮನಸ್ಸು ಮಾತ್ರ ಕಟ್ಟಡದ ಕಡೆಗೇ ಇತ್ತು. ಅದಕ್ಕೆ ಕಾರಣ ಗಾರೆ ಕೆಲಸದ ಮೇಸ್ತ್ರಿಯಾಗಿದ್ದ ನನ್ನ ಸೋದರಮಾವ. ರಜೆಯಲ್ಲಿ ಅವರ ಜೊತೆ ಸೈಟಿಗೆ ಹೋಗುತ್ತಿದ್ದೆ. ಪಾಯಕ್ಕೆ ದಾರ ಕಟ್ಟುವಾಗ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿಗೆ ಗುರುತು ಹಾಕಿ, ಎರಡು ಗುರುತುಗಳ ನಡುವೆ ಟೇಪು ಹಿಡಿಸುತ್ತಿದ್ದರು. "ಐದು ಬಂತೇನವ್ವ? ಹಂಗಾದ್ರೆ ಮೂಲೆ ಮಟ್ಟವಾಗೇ ಅದೆ, ಬಿಡು" ಎನ್ನುತ್ತಿದ್ದರು. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ನನಗೆ ನಿಜವಾಗಿ ಅರ್ಥವಾಗಿದ್ದು ಅಲ್ಲೇ.

ಹಾಗಾಗಿ ಗಣಿತ, ಭೌತಶಾಸ್ತ್ರದ ಬಗ್ಗೆ ಯೋಚಿಸುವುದೇ ಇರಲಿಲ್ಲ. ಕೇಳಿಕೊಳ್ಳಬೇಕಾಗಿದ್ದು ನಾಲ್ಕನೇ ವಿಷಯ ಯಾವುದು ಅಂತ. ನಾನು ಕಂಪ್ಯೂಟರ್ ಸೈನ್ಸ್ ಆರಿಸಿಕೊಂಡೆ. ಬಯಾಲಜಿಗಿಂತ ಓದುವ ಹೊರೆ ಕಡಿಮೆ, ಉಳಿದ ಹೊತ್ತು ಡ್ರಾಯಿಂಗ್‌ಗೆ ಸಿಗುತ್ತೆ ಎನ್ನುವುದು ನನ್ನ ಲೆಕ್ಕ. ಬಿ.ಆರ್ಕ್ ಸೀಟಿಗೆ ಈ ನಾಲ್ಕನೇ ವಿಷಯದಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಬಯಾಲಜಿ ಇಷ್ಟವಿದ್ದರೆ ಅದನ್ನೇ ಓದಲಿ.

"ಆರ್ಕಿಟೆಕ್ಟ್‌ಗೆ ಅಷ್ಟು ಗಣಿತ ಯಾಕೆ?" ಎನ್ನುವವರನ್ನು ಒಮ್ಮೆ ಸೋಮನಾಥಪುರದ ಕೇಶವ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕು. 1258ರಲ್ಲಿ ಕಟ್ಟಿದ ಆ ದೇವಸ್ಥಾನದ ಮೂರೂ ಗುಡಿಗಳ ತಳ 16 ಮೂಲೆಯ ನಕ್ಷತ್ರ. ಕಾಗದದ ಮೇಲೆ ಒಂದು ಚೌಕ ಬರೆಯಿರಿ. ನಡುಬಿಂದು ಅಲ್ಲೇ ಇರಲಿ, ಚೌಕವನ್ನು 22.5 ಡಿಗ್ರಿಯಂತೆ ಮೂರು ಸಲ ತಿರುಗಿಸಿ ಬರೆಯಿರಿ. ಒಟ್ಟು ನಾಲ್ಕು ಚೌಕ, 16 ಮೂಲೆ. ಹೈಸ್ಕೂಲಿನ ಕೋನಮಾಪಕ ಇದ್ದರೆ ಸಾಕು, ಆ ಗುಡಿಯ ನಕ್ಷೆ ನಿಮ್ಮ ಕೈಯಲ್ಲೇ ಮೂಡುತ್ತದೆ. ಇದನ್ನು ಮಾಡಿದ ಮಕ್ಕಳ ಮುಖ ನೋಡುವುದೇ ನನಗೊಂದು ಖುಷಿ.

ಭೌತಶಾಸ್ತ್ರ ನನಗೆ ದಿನಾ ಬೇಕು. ಬಿಸಿಲಿನ ವಿಷಯವನ್ನೇ ತೆಗೆದುಕೊಳ್ಳಿ. ಮೈಸೂರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ, ಜೂನ್, ಜುಲೈನಲ್ಲಿ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಆದ್ದರಿಂದ ಉತ್ತರದ ಕಿಟಕಿಗೂ ಸಜ್ಜಾ ಬೇಕು. ಪಶ್ಚಿಮದ ಇಳಿಬಿಸಿಲಿಗೆ ಸಜ್ಜಾ ಒಂದೇ ಸಾಲದು, ಅಡ್ಡಕ್ಕೆ ಮರವೋ ತೂತು ತೂತಿನ ಜಾಲಂಧ್ರವೋ ಇರಬೇಕು. 1784ರಲ್ಲಿ ಕಟ್ಟಿದ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯಲ್ಲಿ ಸುತ್ತಲೂ ಅಗಲವಾದ ಜಗಲಿ ಇದೆಯಲ್ಲ, ಆ ನೆರಳಲ್ಲಿ ಐದು ನಿಮಿಷ ನಿಂತರೆ ಶಾಖದ ಪಾಠ ತಾನಾಗಿ ಗೊತ್ತಾಗುತ್ತದೆ.

ರಸಾಯನಶಾಸ್ತ್ರವನ್ನು ಸುಮ್ನೆ ಪಾಸಾಗಲು ಓದುವವರೇ ಹೆಚ್ಚು. ಹಳೆಯ ಕಟ್ಟಡ ದುರಸ್ತಿಗೆ ಇಳಿದ ಮೇಲೆ ಅದರ ಬೆಲೆ ನನಗೆ ತಿಳಿಯಿತು. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಆ ಗೋಡೆಯ ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಬರಲು ದಾರಿ ಇರುವುದಿಲ್ಲ. ಮೈಸೂರಿನ ಹಳೆಯ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದಿದ್ದನ್ನು ನೋಡಿದ ಈ ಊರಿನಲ್ಲಿ ಸುಣ್ಣದ ಕೆಲಸ ಗೊತ್ತಿರುವ ಹುಡುಗ ಹುಡುಗಿಯರು ಇನ್ನೂ ಬೇಕು.

ಇನ್ನು ಡ್ರಾಯಿಂಗ್. ಪಿಯುಸಿಯಲ್ಲಿ ಯಾರೂ ಇದನ್ನು ಹೇಳಿಕೊಡಲಿಲ್ಲ. ಭಾನುವಾರ ಬೆಳಿಗ್ಗೆ ರೈಲು ಹತ್ತಿ ಮೈಸೂರಿಗೆ ಬಂದು, ಜಗನ್ಮೋಹನ ಅರಮನೆ ಮುಂದೆ ಕೂತು ಬರೆಯುತ್ತಿದ್ದೆ. ಸ್ಕೇಲು, ರಬ್ಬರ್ ಎರಡೂ ಮುಟ್ಟುತ್ತಿರಲಿಲ್ಲ. ಮನೆಗೆ ಹೋದ ಮೇಲೆ ಅದೇ ಕಟ್ಟಡವನ್ನು ನೆನಪಿನಿಂದ ಇನ್ನೊಂದು ಸಲ ಬರೆಯುತ್ತಿದ್ದೆ. ಬಿ.ಆರ್ಕ್ ಪ್ರವೇಶಕ್ಕೆ ಬರೆಯುವ ನಾಟಾ ಪರೀಕ್ಷೆಗೆ ನನಗೆ ಎಲ್ಲಕ್ಕಿಂತ ನೆರವಾಗಿದ್ದು ಈ ಎರಡನೇ ಚಿತ್ರವೇ. ಈಗ ಆ ಪರೀಕ್ಷೆಗೆ 200 ಅಂಕ, ಅದರಲ್ಲಿ 80 ಡ್ರಾಯಿಂಗ್ ಮತ್ತು ಕಾಂಪೊಸಿಷನ್‌ಗೆ.

ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಸೀಟು ಬೇಕಿದ್ದರೆ ಪಿಯುಸಿ ಅಂಕ ಅರ್ಧ, ನಾಟಾ ಅಂಕ ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಾರೆ. ಆದ್ದರಿಂದ ಕೋಚಿಂಗ್‌ಗೆ ಓಡಾಡಿಕೊಂಡು ಬೋರ್ಡ್ ಪರೀಕ್ಷೆ ಹಾಳುಮಾಡಿಕೊಳ್ಳಬಾರದು. ಕೇಂದ್ರದ ಎನ್‌ಐಟಿ ಕಾಲೇಜುಗಳ ಕಡೆ ಕಣ್ಣಿದ್ದರೆ ಜೆಇಇ ಮೇನ್‌ನ ಆರ್ಕಿಟೆಕ್ಚರ್ ಪೇಪರ್ ಬೇರೆಯೇ ಇದೆ, ಅದನ್ನು ಬರೆಯಬೇಕು. ಬಿ.ಆರ್ಕ್ ಐದು ವರ್ಷದ ಕೋರ್ಸ್, ಅದು ಮುಗಿದ ಮೇಲೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ. ಇಷ್ಟು ವರ್ಷದ ಖರ್ಚನ್ನು ಮನೆಯವರು ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ಪಿಯುಸಿ ಬೇಡ ಎನ್ನುವವರಿಗೆ ಪಾಲಿಟೆಕ್ನಿಕ್ ಇದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಗಣಿತ ಇರುವ ಮೂರು ವರ್ಷದ ಡಿಪ್ಲೊಮಾ ಮುಗಿಸಿಯೂ ನಾಟಾ ಬರೆಯಬಹುದು. ಆದರೆ ಅವರು ಬಿ.ಆರ್ಕ್ ಸೇರುವುದು ಮೊದಲನೇ ವರ್ಷಕ್ಕೇ.