ಇನ್ನು ಮೂವರು ಯಾರು? ಹೆಂಗಸರ ಗಾಲ್ಫ್ ಗುಂಪು ಕಟ್ಟಿದ ನನ್ನ ಅನುಭವ

ಗಾಲ್ಫ್ ಕಲಿಯಬೇಕು ಅಂತ ಯಾವ ಹೆಂಗಸು ಬಂದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಜೊತೆ ಬರುವ ಇನ್ನು ಮೂವರು ಯಾರು? ಚೆಂಡು ಹೊಡೆಯುವ ಕೋಲು ಅಂದರೆ ಕ್ಲಬ್ಬು, ಶೂ, ಗ್ಲೌಸು, ಕೋಚು ಎಲ್ಲ ಆಮೇಲೆ.

ಯಾಕೆ ಅಂದರೆ, ಗಾಲ್ಫ್ ಕೋರ್ಸಿನಲ್ಲಿ, ಅಂದರೆ ಆಟದ ಮೈದಾನದಲ್ಲಿ, ನಾಲ್ಕು ಜನ ಒಟ್ಟಿಗೆ ಆಡುವುದು ವಾಡಿಕೆ. ಒಬ್ಬಳೇ ಹೋದರೆ ಪರಿಚಯವೇ ಇಲ್ಲದ ಮೂವರು ಗಂಡಸರ ಜೊತೆ ಸೇರಿಸುತ್ತಾರೆ. ಅವರು ಒಳ್ಳೆಯವರೇ ಇರಬಹುದು. ಆದರೂ ಹೊಸಬಳಿಗೆ ಪ್ರತಿ ಹೊಡೆತಕ್ಕೂ ಒಂದೇ ಚಿಂತೆ: ನನ್ನಿಂದ ಇವರಿಗೆ ತಡ ಆಗುತ್ತಿದೆಯಲ್ಲ! ಆ ಗಾಬರಿಯಲ್ಲಿ ಆಟ ಕೈಗೆ ಹತ್ತುವುದಿಲ್ಲ. ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿನಲ್ಲಿ ಚೆನ್ನಾಗಿ ಹೊಡೆಯುತ್ತಿದ್ದವರು ಕೋರ್ಸಿಗೆ ಬಂದ ಮೇಲೆ ಬಿಟ್ಟು ಹೋದದ್ದನ್ನು ಬೆಂಗಳೂರಿನಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ. ನಾಲ್ವರು ಗೆಳತಿಯರು ಸೇರಿ ಶುರು ಮಾಡಿದ ಗುಂಪುಗಳು ಮಾತ್ರ ಉಳಿದಿವೆ.

ನಮ್ಮ ಗುಂಪು ಹುಟ್ಟಿದ್ದು 2021ರ ಆಗಸ್ಟ್ ಆದಮೇಲೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಮೂರು ಸುತ್ತು ಮುಗಿದಾಗ ಎರಡನೇ ಸ್ಥಾನದಲ್ಲಿದ್ದರು. ಆಗ ಅವರ ವಿಶ್ವ ರ‍್ಯಾಂಕಿಂಗ್ 200. ಕ್ಯಾಡಿಯಾಗಿ ಬ್ಯಾಗ್ ಹೊತ್ತವರು ಅವರ ತಾಯಿ. ಕೊನೆಯ ದಿನ ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದವರೂ ಬೆಳಗಿನ ಜಾವವೇ ಟಿವಿ ಮುಂದೆ ಕೂತಿದ್ದರು. ಒಂದೇ ಒಂದು ಸ್ಟ್ರೋಕ್‌ನಲ್ಲಿ, ಅಂದರೆ ಒಂದೇ ಹೊಡೆತದಲ್ಲಿ, ಕಂಚು ತಪ್ಪಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ ವಿಷಯ. ಚಿನ್ನ ಗೆದ್ದ ನೆಲ್ಲಿ ಕೊರ್ಡಾ ಹೊಡೆದ ಚೆಂಡು ಅದಿತಿಯ ಚೆಂಡಿಗಿಂತ ಎಷ್ಟೋ ಮುಂದೆ ಬೀಳುತ್ತಿತ್ತು. ಅದಿತಿ ಅದನ್ನೆಲ್ಲ ಪಟ್ಟಿಂಗ್‌ನಲ್ಲಿ, ಅಂದರೆ ಚೆಂಡನ್ನು ಮೆಲ್ಲಗೆ ಉರುಳಿಸಿ ಗುಳಿಗೆ ಹಾಕುವುದರಲ್ಲಿ, ಸರಿದೂಗಿಸುತ್ತಿದ್ದರು. ತೋಳಿನ ಬಲ ಇಲ್ಲದಿದ್ದರೆ ಗಾಲ್ಫ್ ಆಗಲ್ಲ ಅನ್ನುವವರಿಗೆ ನಾನು ಇವತ್ತಿಗೂ ಆ ನಾಲ್ಕು ದಿನಗಳ ಆಟವನ್ನೇ ತೋರಿಸುತ್ತೇನೆ.

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಹೋದ ಭಾರತದ ಮಹಿಳಾ ಗಾಲ್ಫ್ ತಂಡದಲ್ಲಿದ್ದ ಮೂವರೂ ನಮ್ಮ ರಾಜ್ಯದವರು. ಅದಿತಿ, ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನ ಅವನಿ ಪ್ರಶಾಂತ್. ಅದಿತಿ ಬೆಳ್ಳಿ ತಂದರು. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಹೆಂಗಸೊಬ್ಬರು ಪದಕ ಗೆದ್ದದ್ದು ಅದೇ ಮೊದಲು. ಇಷ್ಟೆಲ್ಲ ಆಗಿದ್ದರೂ, ಕೆಲಸಕ್ಕೆ ಹೋಗುವ ಸಾಮಾನ್ಯ ಹೆಂಗಸು ಭಾನುವಾರ ಬೆಳಿಗ್ಗೆ ಸುಮ್ನೆ ಹೋಗಿ ಒಂಬತ್ತು ಹೋಲ್ (18 ಹೋಲ್‌ಗಳ ಪೂರ್ತಿ ಆಟದ ಅರ್ಧ) ಆಡಿ ಬರುವುದು ಇನ್ನೂ ಅಪರೂಪ. ನಾನು ತಲೆ ಕೆಡಿಸಿಕೊಂಡಿರುವುದು ಅವಳಿಗಾಗಿ.

ಮೊದಲ ಕೆಲವು ತಿಂಗಳು ನಾವು ಕೋರ್ಸಿನ ಕಡೆ ಹೋಗಲೇ ಇಲ್ಲ. ಡ್ರೈವಿಂಗ್ ರೇಂಜಿನಲ್ಲಿ ಅಕ್ಕಪಕ್ಕದ ಬೇಗಳನ್ನೇ, ಅಂದರೆ ನಿಂತು ಹೊಡೆಯುವ ಜಾಗಗಳನ್ನೇ, ತೆಗೆದುಕೊಂಡೆವು. ಹೆಂಗಸು ಒಬ್ಬಳೇ ನಿಂತು ಹೊಡೆಯುತ್ತಿದ್ದರೆ ಹಿಂದೆ ಯಾರಾದರೂ ಬಂದು ನಿಂತು ಮೊಣಕೈ ಬಗ್ಗಿಸಬೇಡಿ, ತಲೆ ಎತ್ತಬೇಡಿ ಅಂತ ಶುರು ಮಾಡುತ್ತಾರೆ. ಕೇಳದೇ ಕೊಡುವ ಈ ಪಾಠದಿಂದ ಹೊಸಬರಿಗೆ ಆಗುವ ತೊಂದರೆ ಸಣ್ಣದಲ್ಲ. ದಿನಕ್ಕೊಬ್ಬರು ಹೇಳಿದ್ದನ್ನೆಲ್ಲ ಸೇರಿಸಿಕೊಂಡರೆ ಸ್ವಿಂಗ್, ಅಂದರೆ ಕ್ಲಬ್ ಬೀಸುವ ರೀತಿ, ಅನ್ನುವುದೇ ಉಳಿಯುವುದಿಲ್ಲ. ನಾಲ್ವರಿಗೂ ಒಬ್ಬರೇ ಕೋಚ್, ಬೇರೆ ಯಾರ ಮಾತೂ ಬೇಡ ಅಂತ ಮೊದಲೇ ಒಪ್ಪಿಕೊಂಡಿದ್ದೆವು. ನಾಲ್ವರು ಒಟ್ಟಿಗೆ ನಿಂತಿದ್ದರೆ ಹೇಳಲು ಬರುವವರೂ ಕಡಿಮೆ.

ಕ್ಲಬ್ಬುಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹೊಸದಾಗಿ ಬರುವ ಹೆಂಗಸರು ಹೆಚ್ಚಾಗಿ ಗಂಡನದ್ದೋ ಅಣ್ಣನದ್ದೋ ಹಳೇ ಸೆಟ್ ಹೊತ್ತು ತರುತ್ತಾರೆ. ಅದರ ಶಾಫ್ಟ್ (ಹಿಡಿಕೆಯಿಂದ ತಲೆಯವರೆಗಿನ ಕಡ್ಡಿ) ಗಟ್ಟಿ, ತೂಕ ಜಾಸ್ತಿ, ಉದ್ದ ಸುಮಾರು ಒಂದು ಇಂಚು ಹೆಚ್ಚು. ನಿಧಾನದ ಸ್ವಿಂಗಿಗೆ ಅಂಥ ಶಾಫ್ಟ್ ಬಗ್ಗುವುದೇ ಇಲ್ಲ. ಚೆಂಡು ಮೇಲೇಳದೆ ನೆಲಕ್ಕೆ ಅಂಟಿಕೊಂಡೇ ಓಡುತ್ತದೆ. ಆಗ ತಪ್ಪು ತನ್ನದೇ ಅಂತ ಅವಳು ಅಂದುಕೊಳ್ಳುತ್ತಾಳೆ. ಹಗುರವಾದ ಗ್ರಾಫೈಟ್ ಶಾಫ್ಟಿನ, ಸುಲಭವಾಗಿ ಬಗ್ಗುವ ಲೇಡೀಸ್ ಫ್ಲೆಕ್ಸ್ ಕ್ಲಬ್ ಕೊಟ್ಟು ನೋಡಿ, ಅದೇ ದಿನ ಚೆಂಡು ಗಾಳಿಯಲ್ಲಿ ಹಾರುತ್ತದೆ. ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್‌ವರೆಗೆ ಇಡಬಹುದು. ಶುರುವಿಗೆ ಅಷ್ಟು ಬೇಡವೇ ಬೇಡ. ದೂರಕ್ಕೆ ಒಂದು ಹೈಬ್ರಿಡ್, ಮಧ್ಯದ ದೂರಕ್ಕೆ ಏಳನೇ ಐರನ್, ಒಂಬತ್ತನೇ ಐರನ್, ಹತ್ತಿರಕ್ಕೆ ಒಂದು ವೆಡ್ಜ್, ಗುಳಿಗೆ ಹಾಕಲು ಒಂದು ಪಟ್ಟರ್ ಸಾಕು. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ನಾವು ನಾಲ್ವರು ಸೇರಿ ಎರಡು ಅರ್ಧ ಸೆಟ್ ಕೊಂಡು ಹಂಚಿಕೊಂಡು ಕಲಿತೆವು. ಗಾಲ್ಫ್ ದುಬಾರಿ ಆಟ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಕಲಿಯುವ ಮೊದಲ ವರ್ಷದ ಖರ್ಚನ್ನು ಹೀಗೆ ಬಹಳ ಇಳಿಸಬಹುದು.

ಕೋರ್ಸಿಗೆ ಇಳಿದಾಗ ನಾವು ಆರಿಸಿಕೊಂಡ ಆಟ ಸ್ಕ್ರ್ಯಾಂಬಲ್. ನಾಲ್ವರೂ ಹೊಡೆಯುವುದು, ಯಾರ ಚೆಂಡು ಒಳ್ಳೆಯ ಜಾಗದಲ್ಲಿ ಬಿದ್ದಿದೆಯೋ ಅಲ್ಲಿಂದಲೇ ನಾಲ್ವರೂ ಮುಂದಿನ ಹೊಡೆತ ಹೊಡೆಯುವುದು. ಒಬ್ಬಳ ಚೆಂಡು ಪೊದೆಗೆ ಹೋದರೂ ಆಟ ನಿಲ್ಲುವುದಿಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ನಾಲ್ವರಲ್ಲಿ ಒಬ್ಬಳು ದೂರ ಹೊಡೆಯುತ್ತಾಳೆ, ಇನ್ನೊಬ್ಬಳು ಹತ್ತಿರದ ಸಣ್ಣ ಹೊಡೆತವಾದ ಚಿಪ್ಪಿಂಗ್‌ನಲ್ಲಿ ಗಟ್ಟಿ, ಮತ್ತೊಬ್ಬಳು ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಮೇಲೆ ಇಳಿಜಾರು ಓದುವುದರಲ್ಲಿ ಜಾಣೆ. ಎಲ್ಲರಿಗೂ ಒಂದು ಪಾಲು ಸಿಗುತ್ತದೆ.

ಒಂಬತ್ತೇ ಹೋಲ್ ಆಡುತ್ತಿದ್ದೆವು. 18 ಹೋಲ್ ಅಂದರೆ ನಾಲ್ಕು ಗಂಟೆಗೂ ಜಾಸ್ತಿ. ಮನೆ, ಮಕ್ಕಳು, ಅತ್ತೆ ಮಾವ ಇರುವ ಹೆಂಗಸು ಅಷ್ಟು ಹೊತ್ತು ಎಲ್ಲಿಂದ ತರುತ್ತಾಳೆ? ಒಂಬತ್ತು ಹೋಲ್ ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಆಟಗಾರರ ಮಟ್ಟಕ್ಕೆ ತಕ್ಕಂತೆ ಸ್ಟ್ರೋಕ್ ರಿಯಾಯಿತಿ ಕೊಡುವುದಕ್ಕೆ ಹ್ಯಾಂಡಿಕ್ಯಾಪ್ ಅನ್ನುತ್ತಾರೆ. 2020ರಲ್ಲಿ ಬಂದ ಹೊಸ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಒಂಬತ್ತು ಹೋಲ್‌ಗಳ ಸ್ಕೋರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹ್ಯಾಂಡಿಕ್ಯಾಪಿನ ಮಿತಿಯನ್ನೂ ಗಂಡಸರು ಹೆಂಗಸರು ಎಲ್ಲರಿಗೂ 54 ಮಾಡಿದ್ದಾರೆ. ಅಂದರೆ ಪ್ರತಿ ಹೋಲಿಗೆ ಸುಮಾರು ಮೂರು ಸ್ಟ್ರೋಕ್ ರಿಯಾಯಿತಿ. ಹೊಸಬಳಿಗೂ ಅಧಿಕೃತ ಹ್ಯಾಂಡಿಕ್ಯಾಪ್ ಸಿಗಲು ಅಷ್ಟು ಸಾಕು. ಆ ಸಂಖ್ಯೆ ಕೈಗೆ ಬಂದ ದಿನದಿಂದ ನಮ್ಮ ಗುಂಪಿನವರು ತಮ್ಮನ್ನು ಗಾಲ್ಫರ್ ಅಂತ ಧೈರ್ಯವಾಗಿ ಕರೆದುಕೊಳ್ಳತೊಡಗಿದರು.

ಇನ್ನು ಟೀ, ಅಂದರೆ ಪ್ರತಿ ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗ. ಇದನ್ನು ನಾನು ಯಾರ ಜೊತೆಗೂ ವಾದ ಮಾಡಲು ತಯಾರಿದ್ದೇನೆ. ಹೆಂಗಸರು ಹೆಚ್ಚಾಗಿ ಆಡುವ, ಗ್ರೀನಿಗೆ ಹತ್ತಿರದ ಕೆಂಪು ಟೀಯಿಂದ ಆಡಿದರೂ ಎಷ್ಟೋ ಕೋರ್ಸುಗಳಲ್ಲಿ 18 ಹೋಲಿನ ಒಟ್ಟು ಉದ್ದ 5,000 ಗಜ ದಾಟುತ್ತದೆ. ಅಮೆರಿಕದಲ್ಲಿ ಟೀ ಇಟ್ ಫಾರ್ವರ್ಡ್ ಅಂತ ಒಂದು ಅಭಿಯಾನ ನಡೆಸಿ, ಯಾರು ಎಷ್ಟು ಉದ್ದದ ಕೋರ್ಸ್ ಆಡಬೇಕು ಅಂತ ಪಟ್ಟಿ ಮಾಡಿದರು. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಲ್ಲಿ 150 ಗಜ ಹೊಡೆಯುವವರಿಗೆ ಅದು ಹೇಳುವ ಉದ್ದ 3,500ರಿಂದ 3,700 ಗಜ. 200 ಗಜ ಹೊಡೆಯುವವರಿಗೆ 5,200ರಿಂದ 5,400. ಈಗ ಲೆಕ್ಕ ಹಾಕಿ. 230 ಗಜ ಹೊಡೆಯುವ ಗಂಡಸು 400 ಗಜದ ಪಾರ್ ನಾಲ್ಕರಲ್ಲಿ (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್) ಎರಡನೇ ಹೊಡೆತಕ್ಕೇ ಗ್ರೀನ್ ಮುಟ್ಟಬಹುದು. 130 ಗಜ ಹೊಡೆಯುವ ಹೆಂಗಸು ಅದೇ ಹೋಲನ್ನು ಗ್ರೀನಿಗೆ ಹತ್ತಿರದ ಟೀಯಿಂದ 330 ಗಜಕ್ಕೆ ಆಡಿದರೂ ಮೂರು ಒಳ್ಳೆಯ ಹೊಡೆತ ಬೇಕು. ಇದು ಸಮಾನ ಆಟವೇ ಅಲ್ಲ. ನಾವು ಹೊಸಬರನ್ನು ಫೇರ್‌ವೇ ಒಳಗೆ (ಟೀಯಿಂದ ಗ್ರೀನಿನ ಕಡೆ ಹೋಗುವ ಕತ್ತರಿಸಿದ ಹುಲ್ಲಿನ ಹಾದಿ), ಗ್ರೀನಿಗೆ 200 ಗಜ ಉಳಿದಿರುವ ಕಡೆಯಿಂದಲೇ ಶುರು ಮಾಡಿಸುತ್ತೇವೆ. ಸ್ಕೋರು ಹಿಡಿತಕ್ಕೆ ಬಂದಂತೆ ಹಿಂದೆ ಹೋಗುತ್ತಾರೆ. ಮುಂದಿನಿಂದ ಆಡುವುದು ನಾಚಿಕೆಯ ವಿಷಯ ಅಲ್ಲವೇ ಅಲ್ಲ. ಹಾಗೆ ಆಡಿದರೆ ಆಟವೂ ಬೇಗ ಸಾಗುತ್ತದೆ, ಹಿಂದಿನ ಗುಂಪಿಗೂ ಕಾಯುವ ಕಷ್ಟ ಇಲ್ಲ.

ಯಾರೂ ಮಾತಾಡದ ಒಂದು ಸಂಗತಿ ಶೌಚಾಲಯ. ಕೋರ್ಸಿನ ಮಧ್ಯೆ ಹೆಂಗಸರು ಹೋಗುವಂಥ ಜಾಗ ಇಲ್ಲದಿದ್ದರೆ ಎಷ್ಟೋ ಜನ ಬೆಳಿಗ್ಗೆಯಿಂದ ನೀರೇ ಕುಡಿಯದೆ ಬಿಸಿಲಿನಲ್ಲಿ ಆಡುತ್ತಾರೆ. ಮುಟ್ಟಿನ ದಿನಗಳಲ್ಲಿ ಬರುವುದೇ ಇಲ್ಲ. ಒಂದು ಕ್ಲಬ್ಬಿನಲ್ಲಿ ಈ ಮಾತೆತ್ತಿದಾಗ, ಹೆಂಗಸರು ಬರುವುದೇ ಕಡಿಮೆ, ಬಂದ ಮೇಲೆ ನೋಡೋಣ ಅಂದರು. ಅದು ಇಲ್ಲದ್ದಕ್ಕೇ ತಾನೆ ಅವರು ಬರದಿರುವುದು!

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ ಹೆಂಗಸರಿಗೆ ಸದಸ್ಯತ್ವ ಕೊಡಲು ಮತ ಹಾಕಿದ್ದು 2014ರಲ್ಲಿ. ಅಮೆರಿಕದ ಅಗಸ್ಟಾ ನ್ಯಾಷನಲ್ ಕ್ಲಬ್ 2012ರಲ್ಲಿ ಒಪ್ಪಿಕೊಂಡಿತು. ಅಂದರೆ ಈ ಬಾಗಿಲುಗಳು ತೆರೆದದ್ದು ನಮ್ಮ ಕಣ್ಣ ಮುಂದೆಯೇ. ನಮ್ಮ ಊರುಗಳಲ್ಲಿ ಈಗ ಬಾಗಿಲು ತೆರೆದೇ ಇದೆ, ಆಡುವ ಸಮಯದ್ದೇ ಸಮಸ್ಯೆ. ಲೇಡೀಸ್ ಡೇ ಅಂತ ಇಡುವುದು ಹೆಚ್ಚಾಗಿ ವಾರದ ಮಧ್ಯೆ. ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವವಳು ಅಂದು ಹೇಗೆ ಬರುತ್ತಾಳೆ? ಶನಿವಾರ ಭಾನುವಾರದ ಬೆಳಗಿನ ಟೀ ಟೈಮ್‌ಗಳನ್ನು, ಅಂದರೆ ಆಟ ಶುರು ಮಾಡಲು ಗೊತ್ತುಪಡಿಸಿದ ಸಮಯಗಳನ್ನು, ವರ್ಷಗಳಿಂದ ಒಟ್ಟಿಗೆ ಆಡುವ ಗಂಡಸರ ಗುಂಪುಗಳೇ ಹಿಡಿದುಕೊಂಡಿರುತ್ತವೆ.

ಹಾಗಾಗಿ ಕ್ಲಬ್ ನಡೆಸುವವರ ಹತ್ತಿರ ನಾನು ಕೇಳುವುದು ಇಷ್ಟೇ. ಭಾನುವಾರ ಬೆಳಿಗ್ಗೆ ಏಳರಿಂದ ಎಂಟರವರೆಗಿನ ಟೀ ಟೈಮ್‌ಗಳನ್ನು ಹೊಸ ಹೆಂಗಸರ ಗುಂಪುಗಳಿಗೆ, ಒಂಬತ್ತು ಹೋಲ್‌ಗೆ, ಒಂದು ವರ್ಷದ ಮಟ್ಟಿಗೆ ಬಿಟ್ಟುಕೊಡಿ. ಪ್ರತಿ ಹೋಲಿನಲ್ಲೂ ಫೇರ್‌ವೇ ಒಳಗೆ, 18 ಹೋಲಿಗೆ ಒಟ್ಟು 4,000 ಗಜದ ಲೆಕ್ಕದಲ್ಲಿ, ಒಂದು ಜೊತೆ ಟೀ ಮಾರ್ಕರ್ ನೆಡಿ. ಐದನೇ ಹೋಲಿನ ಹತ್ತಿರ ಒಂದು ಒಳ್ಳೆಯ ಶೌಚಾಲಯ ಕಟ್ಟಿಸಿ. ನಾಲ್ಕು ನಾಲ್ಕು ಜನರನ್ನು ಸೇರಿಸಿ ಕರೆದುಕೊಂಡು ಬರುವ ಕೆಲಸ ನಮ್ಮದು.